ಫಕೀರವ್ವನ ಸಾರಿನ ಬೋಗುಣಿ

ಏ, ಆ ಮೂಲ್ಯಾಗ ಪಿಸಿಪಿಸಿ ಮಾತು ಸಾಕ್ರೆವ್ವಾ. ಶೇಂಗಾ ಸುಲಿಯೋ ಕೈ ಸುಲೀಲಿ, ಕಿವಿ ಅಷ್ಟ ನನಗ ಕೊಡ್ರಿ. ನಡುನಡುವ ಹೂಂ ಅನ್ನಬೇಕು. ಹೂಂ ಅನ್ನೋರಿದ್ರ ಇದು ಕಥಿ, ಇಲ್ಲಾಂದ್ರ ಬರೇ ಮುದುಕಿ ವಟವಟ.

ಎತ್ತುಗಳು ಇನ್ನಾ ಮಾತಾಡೋದು ಮರೀಲಾರದ ಕಾಲ. ಒಬ್ಬ ರಾಜ ಇದ್ದ, ಅವಗೊಂದು ರಾಜ್ಯ ಇತ್ತು. ಊರ ಹೆಸರು ಕೇಳಬ್ಯಾಡ್ರಿ. ನನಗೂ ಗೊತ್ತಿಲ್ಲ, ನನಗ ಹೇಳಿದ ನಮ್ಮ ಆಯಿಗೂ ಗೊತ್ತಿದ್ದಿಲ್ಲ. ಮೂರು ದಾರಿ ಕೂಡೋ ಊರು, ಅಷ್ಟ ಸಾಕು. ಒಂದು ದಾರಿ ರಾಜನ ಪ್ಯಾಟಿಗೆ, ಒಂದು ದಾರಿ ಸಂತಿಗೆ, ಒಂದು ದಾರಿ ಹೊಳಿಗೆ. ಆ ಮೂರೂ ದಾರಿ ಕೂಡೋ ಕಡೆ ಒಂದು ಬೇವಿನ ಗಿಡ. ಬೇವಿನ ಗಿಡದ ಬಾಜೂಕ ಫಕೀರವ್ವನ ಖಾನಾವಳಿ.

ಏನಿತ್ತು ಆ ಖಾನಾವಳ್ಯಾಗ? ಮೇಜಿತ್ತೇನು? ಇಲ್ಲ. ಕುರ್ಚಿ ಇತ್ತೇನು? ಇಲ್ಲ. ಬಾಗಿಲಿಗೆ ಹೆಸರು ಬರದಿತ್ತೇನು? ಅದೂ ಇಲ್ಲ. ನೆಲ ಸಾರಿಸಿ ಚಾಪಿ ಹಾಸಿರ್ತಿತ್ತು. ಬಿಸಿ ಜ್ವಾಳದ ರೊಟ್ಟಿ, ಬದನಿಕಾಯಿ ಎಣಗಾಯಿ, ಶೇಂಗಾ ಹಿಂಡಿ, ಗಟ್ಟಿ ಮೊಸರು. ಕಡೀಕ ಒಂದು ಹಿಡಿ ಅನ್ನ, ಅನ್ನದ ಮ್ಯಾಲ ಕಟ್ಟಿನ ಸಾರು.

ಆ ಸಾರಿನ ಮಾತು ಏನ ಹೇಳ್ಲಿ! ಬ್ಯಾಳಿ ಬಸದ ಕಟ್ಟು, ಹುಣಸಿಹಣ್ಣು, ಬೆಲ್ಲ, ಹುರಿದ ಕೊಬ್ಬರಿ ಮಸಾಲಿ, ಮ್ಯಾಲ ಬಳ್ಳೊಳ್ಳಿ ಒಗ್ಗರಣಿ. ಒಗ್ಗರಣಿ ಚುಂಯ್ ಅಂತು ಅಂದ್ರ ವಾಸನಿ ಹೊಳಿ ದಾರಿ ತಿರುವಿನ ತನಕ ಹೋಗ್ತಿತ್ತು. ಅಲ್ಲಿ ಬಂಡಿ ಎತ್ತು ತಾವ ನಿಂದರ್ತಿದ್ದವು. ಬಂಡಿಯವ ಬಾರಕೋಲು ಎತ್ತಿದ್ರೂ ಒಂದು ಹೆಜ್ಜಿ ಮುಂದ ಇಡ್ತಿದ್ದಿಲ್ಲ. 'ನೀ ಮೊದ್ಲ ಉಂಡ ಬಾರಪ್ಪಾ, ಆಮ್ಯಾಲ ಹೋಗೂಣು' ಅಂತಿದ್ದವಂತ. ನಗಬ್ಯಾಡ್ರಿ, ಆವಾಗ ಎತ್ತು ಮಾತಾಡ್ತಿದ್ದವು ಅಂತ ನಾ ಮೊದ್ಲ ಹೇಳೀನಿ.

ನಮ್ಮ ಆಯಿ ಈ ಕಥಿ ಹೇಳುವಾಗ ಇಲ್ಲಿಗೆ ಬಂದ ಕೂಡ್ಲೆ ಬಾಯಾಗ ನೀರು, ಕಣ್ಣಾಗ ನೀರು, ಎರಡೂ ತರ್ತಿದ್ಲು. 'ಏನು ಕಾಲ ಅದು, ಏನು ಕೈ ಅದು' ಅಂತಿದ್ಲು. ನಾ ಆ ಸಾರು ಉಂಡಾಕಿ ಅಲ್ಲ. ಆದ್ರೂ ಹೇಳಾಕ ಕುಂತ್ರ ನನ್ನ ನಾಲಿಗ್ಗೆ ಅದರ ರುಚಿ ಬರ್ತೈತಿ ನೋಡ್ರಿ.

ಆ ಸಾರು ಕುದೀತಿದ್ದದ್ದು ಒಂದು ತಾಮ್ರದ ಬೋಗುಣ್ಯಾಗ. ಎರಡೂ ಕೈಲೆ ತಬ್ಬಿದ್ರ ಕೈಗೆ ಕೈ ಮುಟ್ಟತಿದ್ದಿಲ್ಲ, ಅಷ್ಟು ದೊಡ್ಡದು. ಹೊರಗ ಮಸಿ, ಒಳಗ ಬೆಳ್ಳಗ ಕಲಾಯಿ. ಕಲಾಯಿ ಅಂದ್ರೇನಂತ ಈಗಿನವರಿಗೆ ಗೊತ್ತೈತೇನು? ತಾಮ್ರಕ್ಕೂ ಹುಳಿಗೂ ಆಗಿಬರಂಗಿಲ್ಲ. ಹುಳಿ ಸಾರು ತಾಮ್ರಕ್ಕ ಮುಟ್ಟಿತು ಅಂದ್ರ ಹಸರ ಕಿಲುಬು ಏಳ್ತೈತಿ. ಕಿಲುಬು ಹೊಟ್ಟಿಗೆ ಹ್ವಾದ್ರ ವಿಷ. ಅದಕ್ಕಂತ ಪಾತ್ರಿ ಒಳಮೈಗೆ ಬೆಳ್ಳನ ತವರದ ಕಲಾಯಿ ಬಳೀತಾರ. ಅದು ಬಳಸಿ ಬಳಸಿ ಸವೀತೈತಿ, ಮತ್ತ ಬಳೀಬೇಕು.

ಫಕೀರವ್ವಗ ಒಬ್ಬನ ಮಗ, ಗುರುಶಾಂತ. ಬಂಗಾರದಂಥ ಮನಷ್ಯಾ, ಆದ್ರ ಬಾಯಿಲ್ಲ. ತಾಟು ಹಾಕು ಅಂದ್ರ ಹಾಕ್ತಿದ್ದ, ಎತ್ತು ಅಂದ್ರ ಎತ್ತತಿದ್ದ, ಒಲಿ ಪಾತ್ರಿ ಗೊಡವಿಗೆ ಎಂದೂ ಹೋದಾಂವಲ್ಲ. ಅವನ ಹೇಣ್ತಿ ದಾನವ್ವ. ತಾಯಿ ಸತ್ತ ಹುಡುಗಿ, ಅಣ್ಣನ ಮನ್ಯಾಗ ಬೆಳದಾಕಿ. ಲಗ್ನ ಆಗಿ ಬಂದ ದಿವಸ ಫಕೀರವ್ವ ಆಕಿ ಕೈಯಾಗ ಒಂದು ಬಿಸಿ ರೊಟ್ಟಿ ಇಟ್ಟು, "ಉಣ್ಣ ಮಗಳ, ಕೆಲಸ ಎಲ್ಲಿಗೂ ಓಡಿ ಹೋಗಂಗಿಲ್ಲ" ಅಂದ್ಲು. ಅವತ್ತ ದಾನವ್ವ ನಿಶ್ಚಯ ಮಾಡಿದ್ಲು, ಇಕಿನ ನನ್ನ ತಾಯಿ ಅಂತ.

ಅತ್ತಿ ಸೊಸಿಗೆ ಎಲ್ಲಾ ಕಲಿಸಿದ್ಲು. ರೊಟ್ಟಿ ಬಡಿಯೋದು ಕಲಿಸಿದ್ಲು. ಮಸಾಲಿ ಹುರಿಯೋದು ಕಲಿಸಿದ್ಲು. ಬಂದವರ ಮಾರಿ ನೋಡಿ ಹಸಿವು ಎಷ್ಟೈತಿ ಅಂತ ತಿಳಿಯೋದು ಕಲಿಸಿದ್ಲು. ಒಂದನ್ನ ಮಾತ್ರ ಮುಟ್ಟಗೊಡ್ತಿದ್ದಿಲ್ಲ. "ಬೋಗುಣಿ ಗೊಡವಿ ನಿನಗ ಬ್ಯಾಡ. ಅದು ನಂದು."

ದಿನಾ ಸಂಜಿಗೆ ಎಲ್ಲಾರೂ ಉಂಡ ಮ್ಯಾಲ ಬೋಗುಣಿ ತಳದಾಗ ಒಂದು ಸವಟು ಸಾರು ಉಳಸ್ತಿದ್ಲು ಫಕೀರವ್ವ. "ಹಾಲಿಗೆ ಹೆಪ್ಪು ಹ್ಯಾಂಗೋ ಹಂಗ. ಇವತ್ತಿನ ಸಾರು ನಾಳಿನ ಸಾರಿಗೆ ದಾರಿ ತೋರಸ್ತೈತಿ" ಅಂತಿದ್ಲು. ಮುಚ್ಚಳ ಮುಚ್ಚಿ, ಖಾನಾವಳ್ಯಾಗ ಒಲಿ ಬಾಜೂಕ ತಾನೂ ಮಲಗ್ತಿದ್ಲು. ದಾನವ್ವ, ಗುರುಶಾಂತ, ಅವರ ಕೂಸು ಓಣಿ ಆ ತುದ್ಯಾಗಿನ ಮನಿಗೆ ಹೋಗ್ತಿದ್ರು. ಮುಂಜಾನಿ ಬಿಸಲು ಬೇವಿನ ಗಿಡದ ತುದಿ ಮುಟ್ಟಿದಾಗ ದಾನವ್ವ ಬಂದು ನೋಡಿದ್ರ, ಬೋಗುಣಿ ಒಲಿ ಮ್ಯಾಲ, ಅದರ ತಳದಾಗ ಅದ ಒಂದು ಸವಟು ಸಾರು ಕೊತಕೊತ ಕುದೀತಿತ್ತು. ದಿನಾ ನೋಡ್ತಿದ್ಲು. ಎಂಟು ವರ್ಷ ನೋಡಿದ್ಲು.

ಶ್ರಾವಣದಾಗ ನಾಗರ ಪಂಚಮಿ ಬಂತಂದ್ರ ಹೆಣ್ಣಮಕ್ಕಳು ತವರಿಗೆ ಹೋಗಬೇಕಲ್ಲ? ದಾನವ್ವಗೂ ಅಣ್ಣ ಬಂಡಿ ಕಟಗೊಂಡು ಬರ್ತಿದ್ದ. ಎಂಟು ದಿನ ಜೋಕಾಲಿ ಆಡಿ, ಉಂಡಿ ತಿಂದು, ತಿರುಗಿ ಬರ್ತಿದ್ಲು. ಇದನ್ನ ಸುಮ್ನ ಹೇಳಿಲ್ಲ. ನೆನಪಿನಾಗ ಇಟಗೋರಿ.

ಹಿಂಗ ಇರುವಾಗ ಒಂದು ದಿವಸ ಫಕೀರವ್ವ ಮಧ್ಯಾಹ್ನ ಕಡೀ ಪಂಕ್ತಿಗೆ ಬಡಿಸಿದ್ಲು. "ದಾನವ್ವಾ, ಯಾಕೋ ಕೈ ಭಾರ ಆಗ್ಯಾವು" ಅಂತ ಕಂಬಕ್ಕ ಆತು ಕುಂತ್ಲು. ಕುಂತಾಕಿ ಏಳಲಿಲ್ಲ. ಸವಟು ಇನ್ನಾ ಕೈಯಾಗ ಇತ್ತು.

ಮೂರೂ ದಾರಿಯವರು ಬಂದು ಅತ್ತರು. ದಾನವ್ವ ಅತ್ತದ್ದು ಮಾತ್ರ ಬ್ಯಾರೆ. ಎರಡನೇ ಸಲ ತಾಯಿ ಸತ್ತಂಗ ಆತು ಆಕಿಗೆ.

ಮೂರು ದಿನ ಕಳೀತು, ಮತ್ತ ಒಲಿ ಹಚ್ಚಿದ್ಲು. ಹಚ್ಚಲಾರದ ಹೊಟ್ಟಿ ಹ್ಯಾಂಗ ನಡೀತೈತಿ? ಬೋಗುಣಿ ತಳದಾಗ ಅತ್ತಿ ಉಳಿಸಿದ ಕಡೀ ಸವಟು ಸಾರು ಹಂಗ ಇತ್ತು. ದಾನವ್ವ ಅದನ್ನ ನೋಡಿ ಕೈ ಮುಗದ್ಲು. "ಅತ್ತೀ, ನೀ ಎಲ್ಲಿ ಹೋಗೀ? ಇದರಾಗ ಅದೀ. ನಿನ್ನ ಬೋಗುಣಿ ನಾ ತೊಳಿಯಂಗಿಲ್ಲ. ನಿನ್ನ ಕೈ ಅಳಸಂಗಿಲ್ಲ."

ನೋಡ್ರಿ ಮತ್ತ! ತನ್ನ ಕಣ್ಣಿಲೆ ಕಂಡಿದ್ದು ಅದನ್ನ. ಸಂಜಿಗೆ ಒಂದು ಸವಟು ಸಾರು, ಮುಂಜಾನಿ ಅದ ಒಂದು ಸವಟು ಸಾರು. ನಡುವ ಯಾರೂ ಬೋಗುಣಿ ತೊಳದಿದ್ದು ಕಂಡಿಲ್ಲ. ಹಂಗಂದ್ರ ಬೋಗುಣಿ ಎಂದೂ ತೊಳದಿಲ್ಲ, ರುಚಿಯ ಗುಟ್ಟ ಅದು ಅಂತ ತಿಳಕೊಂಡ್ಲು. ಉಣ್ಣಾಕ ಬಂದವರು ಕೇಳಿದ್ರ ಎದಿ ಉಬ್ಬಿಸಿ ಹೇಳಿದ್ಲು. ಅವರು ಮತ್ತೊಬ್ಬರಿಗೆ ಹೇಳಿದ್ರು. 'ನಲವತ್ತು ವರ್ಷ ನೀರು ಕಾಣದ ಬೋಗುಣಿ' ಅಂತ ಮೂರೂ ದಾರಿ ತುಂಬ ಸುದ್ದಿ ಆತು. ಕೆಲವರು ಬಂದು ಬೋಗುಣಿ ಕಂಠ ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಹೋದ್ರು. ನಮ್ಮ ಮಂದಿಗೆ ಕೈ ಮುಗ್ಯಾಕ ಒಂದು ಸಿಕ್ರ ಸಾಕಲ್ಲ.

ಮುಂದ ಶ್ರಾವಣ ಬಂತು. ಖಾನಾವಳಿ ತಲಿ ಮ್ಯಾಲ ಬಿದ್ದಿತ್ತು, ದಾನವ್ವ ಪಂಚಮಿಗೆ ತವರಿಗೆ ಹೋಗಲಿಲ್ಲ. ಅವತ್ತ ಮುಂಜಾನಿ ಹಿತ್ತಲ ಬಾಗಿಲಾಗ ಒಬ್ಬ ಮುದುಕ ಬಂದು ನಿಂತ. ಹೆಗಲಿಗೆ ತಿದಿ, ಕೈಯಾಗ ಇಕ್ಕಳ. ಹೆಸರು ರಾಜೇಸಾಬ, ಊರೂರು ತಿರುಗಿ ಪಾತ್ರಿಗೆ ಕಲಾಯಿ ಹಾಕಾಂವ.

"ಬೋಗುಣಿ ಕೊಡವ್ವಾ" ಅಂದ.

ದಾನವ್ವ ಮೈಮ್ಯಾಲ ಬಿಸಿನೀರು ಬಿದ್ದಂಗ ಹಾರಿದ್ಲು. "ಏನಂದಿ? ಬೋಗುಣಿ? ಅದಕ್ಕ ಕಲಾಯಿ ಹಾಕಬೇಕಂದ್ರ ಉಜ್ಜಬೇಕು. ಉಜ್ಜಿದ್ರ ನಮ್ಮತ್ತಿ ಕೈ ಹೋಗ್ತೈತಿ!"

"ಅಲ್ಲವ್ವಾ, ನಿಮ್ಮತ್ತಿ..."

"ನಮ್ಮತ್ತಿ ಹೆಸರು ತಗೀಬ್ಯಾಡ! ನಿನ್ನ ನಾಕು ಕಾಸಿಗಾಗಿ ನಮ್ಮತ್ತಿ ಕೈ ಅಳಸಾಕ ಬಂದೀಯೇನು? ಹೋಗು, ಈ ಕಡೆ ಮತ್ತ ಕಾಲಿಡಬ್ಯಾಡ."

ಕಸಬುದಾರನಿಗೂ ಮಾನ ಇರ್ತೈತಿ. ರಾಜೇಸಾಬ ಇಕ್ಕಳ ಹೆಗಲಿಗೆ ಸಿಗಿಸಿಕೊಂಡು ಹೊಂಟ. ಮೂರು ಶ್ರಾವಣ ಆ ಕಡೆ ಹಾಯಲಿಲ್ಲ.

ಮೂರು ಶ್ರಾವಣ ಬೋಗುಣಿಗೆ ಬೂದಿ ಇಲ್ಲ, ನಾರಿಲ್ಲ, ಕಲಾಯಿ ಇಲ್ಲ. ಬೆಳ್ಳಗಿದ್ದ ಒಳಮೈ ಮೊದ್ಲ ಮಾಸಿತು. ಆಮ್ಯಾಲ ಚುಕ್ಕಿ ಚುಕ್ಕಿ ತಾಮ್ರ ಕಾಣಿಸ್ತು. ಆಮ್ಯಾಲ ಅಂಚಿಗೆ ಹಸರು ಹಿಡೀತು. ಸಾರಿಗೆ ಬಾಯಾಗ ತಾಮ್ರದ ಕಾಸು ಇಟಗೊಂಡಂಗ ಒಂದು ಒಗರು ಬಂತು. ಉಂಡವರು ಏನಂದ್ರು? "ಆಹಾ, ಅದ ರುಚಿ! ಫಕೀರವ್ವನ ಕೈ!" ಅಂದ್ರು. ಬಾಯಿ ಆಹಾ ಅಂತಿತ್ತು, ಹೊಟ್ಟಿ ಅಯ್ಯೋ ಅಂತಿತ್ತು. ಹೊಳಿ ದಾಟೂದ್ರಾಗ ಹೊಟ್ಟಿ ಹಿಡಕೊಂಡು ಬಂಡಿ ಇಳೀತಿದ್ರು. ಒಬ್ಬ ಹೊಳಿ ನೀರು ಕೆಟ್ಟೈತಿ ಅಂದ. ಒಬ್ಬ ಬದನಿಕಾಯಿ ನಂಜು ಅಂದ. ಮತ್ತೊಬ್ಬ ಯಾರದೋ ದೃಷ್ಟಿ ತಾಗೇತಿ ಅಂತ ಉಪ್ಪು ಮೆಣಸಿನಕಾಯಿ ಇಳೇ ತಗಸ್ಕೊಂಡ. ಬೋಗುಣಿ ಅಂತ ಒಬ್ಬನೂ ಅನ್ನಲಿಲ್ಲ. ಕುಣ್ಯಾಕ ಬರದಾಕಿ ನೆಲ ಡೊಂಕು ಅಂದ್ಲಂತ, ಹಂಗ.

ಈಗ ರಾಜನ ಕಡೆ ಬರೂಣು. ಆ ರಾಜ ಒಂದು ದಿವಸ ಪ್ರಜಾರ ಕಷ್ಟ ಸುಖ ನೋಡಬೇಕಂತ ಮಾರುವೇಷ ಹಾಕ್ಕೊಂಡು ಹೊಂಟ. ಹ್ವಾದಾಂವ ಯಾವುದೋ ಪ್ಯಾಟಿ ಖಾನಾವಳ್ಯಾಗ ಹಳಸಿದ ಪಲ್ಯ ಉಂಡ. ಮೂರು ದಿವಸ ತಂಬಗಿ ಕೈಯಾಗ ಹಿಡದು ಬಯಲಿಗೆ ಓಡಾಡಿದ. ಪ್ರಜಾರ ಕಷ್ಟ ಚೆಂದಾಗಿ ತಿಳೀತು.

ಅರಮನಿಗೆ ಬಂದು ಡಂಗುರ ಸಾರಿಸಿದ. "ರಾಜ್ಯದಾಗಿನ ಎಲ್ಲಾ ಖಾನಾವಳಿ ತಪಾಸಣಿ ಆಗ್ಬೇಕು. ಒಮ್ಮೆ ತಪ್ಪು ಸಿಕ್ರ ಬಾಗಿಲಿಗೆ ಒಂದು ಸುಣ್ಣದ ಗೆರಿ. ಎರಡನೇ ಸಲ ಸಿಕ್ರ ಎರಡು ಗೆರಿ. ಮೂರನೇ ಸಲ ಸಿಕ್ರ ಮೂರು ಗೆರಿ ಎಳದು, ಹಾರಿ ಹಾಕಿ ಒಲಿ ಒಡೀರಿ. ಒಲಿ ಒಡದ ಜಾಗಾದಾಗ ಮತ್ತ ಒಲಿ ಹೂಡಂಗಿಲ್ಲ."

ಈ ಕೆಲಸಕ್ಕ ನೇಮಕ ಆದಾಂವ ತಪಾಸಣಿ ರಾಚಪ್ಪ. ಸಣಕಲ ಮೈ, ಉದ್ದನ ಮೂಗು. ಲಂಚ ಮುಟ್ಟತಿದ್ದಿಲ್ಲ. ತಪಾಸಣಿ ಮಾಡೋ ಕಡೆ ನೀರು ಸುದ್ದಾ ಕುಡೀತಿದ್ದಿಲ್ಲ, ತನ್ನ ಬುತ್ತಿ ತಾ ಕಟಗೊಂಡು ಬರ್ತಿದ್ದ. ಎಲ್ಲೇ ಹ್ವಾದ್ರೂ ಹಿತ್ತಲ ಬಾಗಿಲಿಂದ ಒಳಗ ಬರ್ತಿದ್ದ. "ಮುಂದಿನ ಬಾಗಿಲಾಗ ರಂಗೋಲಿ ಇರ್ತೈತಿ, ಹಿಂದಿನ ಬಾಗಿಲಾಗ ಖರೇ ಇರ್ತೈತಿ" ಅಂತಿದ್ದ. ಮೂರ ನೋಡ್ತಿದ್ದ. ಬಿಸಿ ಪಾತ್ರಿ ಹಿಡಿಯೋ ಮಸಿ ಅರಿಬಿ ನೋಡ್ತಿದ್ದ. ಅಡಗಿ ಮಾಡೋರ ಉಗುರು ನೋಡ್ತಿದ್ದ. ಪಾತ್ರಿ ಒಳಗ ಬಟ್ಟಾಡಿಸಿ ನೋಡ್ತಿದ್ದ.

ಹೂಂ ಅನ್ರಿ, ಮಲಗಿದ್ರೇನು?

ಒಂದು ಮುಂಜಾನಿ ದಾನವ್ವನ ಹಿತ್ತಲಕ್ಕ ರಾಚಪ್ಪ ಬಂದ. ಅರಿಬಿ ನೋಡಿದ, ಒಗದು ಒಣಗಿಸಿತ್ತು. ಉಗುರು ನೋಡಿದ, ಸ್ವಚ್ಛ ಇದ್ದವು. ಬೋಗುಣ್ಯಾಗ ಬಟ್ಟಾಡಿಸಿದ, ಬಟ್ಟು ಹಸರಾಗಿ ಬಂತು.

"ಏನ ತಂಗಿ ಇದು?"

"ನಮ್ಮತ್ತಿ ಕೈರಿ ಸಾಹೇಬ್ರ."

"ಇದು ಕೈಯಲ್ಲವ್ವಾ, ಕಿಲುಬು. ತೊಳಿ."

"ಜೀವಾ ಕೇಳ್ರಿ ಕೊಡ್ತೀನಿ. ಬೋಗುಣಿ ತೊಳಿ ಅನಬ್ಯಾಡ್ರಿ."

ರಾಚಪ್ಪ ಸುಣ್ಣದಾಗ ಕುಂಚ ಅದ್ದಿ ಬಾಗಿಲಿಗೆ ಒಂದು ಗೆರಿ ಎಳದ. "ಎಂಟು ದಿನಕ್ಕ ಬರ್ತೀನಿ" ಅಂತ ಹೋದ.

ಎಂಟು ದಿನ ದಾನವ್ವ ಸುಮ್ನ ಕುಂತ್ಲೇನು? ಗ್ವಾಡಿಗೆ ಸುಣ್ಣಾ ಹಚ್ಚಿದ್ಲು. ನೆಲ ಎರಡೆರಡು ಸಲ ಸಾರಿಸಿದ್ಲು. ಹೊಸಾ ಚಾಪಿ ತಂದ್ಲು. ಕಡೀಕ ಹುಣಸಿಹಣ್ಣು ಬೂದಿ ಹಚ್ಚಿ ಬೋಗುಣಿ ತಿಕ್ಕಿದ್ಲು. ಎಲ್ಲಿ ತಿಕ್ಕಿದ್ಲು? ಹೊರಗ! ಹೊರಮೈ ಕೆಂಪಗ ಥಳಥಳ ಹೊಳೀತು, ಒಳಗ ಒಂದು ಬಟ್ಟು ತಾಗಿಸಲಿಲ್ಲ. ಮ್ಯಾಲ ಬಸಪ್ಪ, ಒಳಗ ವಿಷಪ್ಪ.

ರಾಚಪ್ಪ ಬಂದ. ಅರಿಬಿ ನೋಡಿದ, ಒಗದಿತ್ತು. ಉಗುರು ನೋಡಿದ, ಸ್ವಚ್ಛ ಇದ್ದವು. ಬೋಗುಣ್ಯಾಗ ಬಟ್ಟಾಡಿಸಿದ, ಬಟ್ಟು ಮತ್ತ ಹಸರಾಗಿ ಬಂತು. ಗೆರಿ ಎಳ್ಯಾಕ ಕುಂಚ ತಗೊಂಡಾಂವ ಹಂಗ ನಿಂತ. ಹೊರಗಿನ ಮಸಿ ಹೋಗಿತ್ತಲ್ಲ, ಬೋಗುಣಿ ಕಂಠದ ಕೆಳಗ ಸಾಲಾಗಿ ಸಣ್ಣ ಸಣ್ಣ ಚುಕ್ಕಿ ಕಂಡವು, ಉಳಿಲೆ ಬಡದಂಥಾವು.

"ಈ ಚುಕ್ಕಿ ಯಾರು ಹಾಕಿದ್ದು?"

"ನಾನೂ ಈಗ ಮಸಿ ತಗದಾಗ ಕಂಡೀನ್ರಿ. ಚಂದಕ್ಕ ಹಾಕಿರಬೇಕು."

ರಾಚಪ್ಪ ಚುಕ್ಕಿ ಮ್ಯಾಲ ಬಟ್ಟು ಆಡಿಸಿದ. ಬಾಗಿಲಿಗೆ ಎರಡನೇ ಗೆರಿ ಎಳದ. "ಎಂಟು ದಿನಕ್ಕ ಬರ್ತೀನಿ. ಈ ಸಲ ಹಾರಿ ತರಬೇಕಾಗ್ತೈತಿ ತಂಗಿ" ಅಂದ. ಹೇಳುವಾಗ ಅವನ ದನಿ ಕುಗ್ಗಿತ್ತು.

ಎರಡು ಗೆರಿ ಕಂಡು ಮಂದಿ ಬರೋದು ಬಿಟ್ರು. ನಿನ್ನಿ ತನಕ ಬೋಗುಣಿಗೆ ಕೈ ಮುಗದವರ ಇವತ್ತ ಆ ಕಡೆ ಮಾರಿ ಮಾಡಿ ಹೋದ್ರು. ಹೊಳಿ ದಾರಿ ತಿರುವಿನಾಗ ಎತ್ತು ಸುದ್ದಾ ನಿಲ್ಲಲಿಲ್ಲ. ಬಾಯಿಲ್ಲದ ಗುರುಶಾಂತ ಅವತ್ತ ಬಾಯಿ ತಗದ.

"ತೊಳದು ಬಿಡಬಾರದೇನ? ಹೋಗೋದರ ಏನು?"

"ಏನು ಹೋಗ್ತೈತಿ? ನಿಮ್ಮವ್ವ ಹೋಗ್ತಾಳ. ಉಳದಿದ್ದು ಇದರಾಗಷ್ಟ."

ಗುರುಶಾಂತ ಮತ್ತ ಬಾಯಿ ಮುಚ್ಚಿದ. ಊಟಕ್ಕ ಕುಂತ ದಾನವ್ವನ ಸಣ್ಣ ಮಗ ತಾಟು ಸರಿಸಿದ. "ಯವ್ವಾ, ಸಾರು ಬ್ಯಾಡ. ಇದನ್ನ ಉಂಡ್ರ ಹೊಟ್ಟಿ ಕಡೀತೈತಿ."

ದೊಡ್ಡವರು ಒಬ್ಬರೂ ಆಡಲಾರದ ಮಾತು ಅದು. ದಾನವ್ವ ಮಗನ ತಾಟು ತಗದು ಬಾಜೂಕ ಇಟ್ಲು. ಎದ್ದು ಹೋಗಿ ಒಂದು ಹಿಡಿ ಬೂದಿ ತಗೊಂಡ್ಲು. ಬೋಗುಣಿ ಮುಂದ ಕುಂತ್ಲು. ಕೈ ಒಳಗ ಇಟ್ಲು. ಕೈ ಸರೀಲಿಲ್ಲ. ಇನ್ನೊಮ್ಮೆ ಇಟ್ಲು. ಸರೀಲಿಲ್ಲ. ಮೂರನೇ ಸಲ ಬೂದಿ ಕೈಯಾಗಿಂದ ನೆಲಕ್ಕ ಸುರೀತು. "ಅತ್ತೀ, ತೊಳದ್ರ ನೀ ಹೋಗ್ತಿ. ತೊಳೀಲಾರದ ಇದ್ರ ನೀ ಹೂಡಿದ ಒಲಿ ಹೋಗ್ತೈತಿ. ನಾ ಏನ ಮಾಡ್ಲಿ ಹೇಳು" ಅಂತ ಬೋಗುಣಿ ತಬ್ಬಿಕೊಂಡು ಅತ್ತಳು. ಬೋಗುಣಿ ಏನು ಹೇಳೀತು?

ಎಂಟನೇ ದಿವಸ ಬಂತು. ಅವತ್ತ ನಾಗರ ಪಂಚಮಿ. ಓಣಿ ತುಂಬ ಜೋಕಾಲಿ, ದಾನವ್ವನ ಹಿತ್ತಲದಾಗ ಹಾರಿ ಹೊತ್ತ ಇಬ್ಬರು ಆಳು. ಮುಂದ ರಾಚಪ್ಪ, ಕೈಯಾಗ ಸುಣ್ಣದ ಗಡಿಗಿ. ಹಿಂದ ಮತ್ತೊಬ್ಬ ಇದ್ದ. ಹೆಗಲಿಗೆ ತಿದಿ, ಕೈಯಾಗ ಇಕ್ಕಳ. ಯಾರಂತೀರಿ? ಹೌದು, ಅವನ. ಕಲಾಯಿ ರಾಜೇಸಾಬ.

ದಾನವ್ವ ಒಲಿಗೆ ಅಡ್ಡ ನಿಂತ್ಲು. ಎರಡೂ ಕೈ ಚಾಚಿದ್ಲು. "ಮೊದ್ಲ ನನ್ನ ಒಡೀರಿ, ಆಮ್ಯಾಲ ಒಲಿ ಒಡೀರಿ."

"ಒಡ್ಯಾಕ ಹಾರಿ ಎಲ್ಲಿಗೂ ಓಡಿ ಹೋಗಂಗಿಲ್ಲ ತಂಗಿ" ಅಂದ ರಾಚಪ್ಪ. "ನಿನ್ನ ಬೋಗುಣಿ ಚುಕ್ಕಿ ನೋಡಿದಾಗಿನಿಂದ ನನಗ ನಿದ್ದಿಲ್ಲ. ಪಾತ್ರಿಗೆ ಹಂಗ ಚುಕ್ಕಿ ಬಡಿಯೋರು ಕಲಾಯಿ ಮಂದಿ. ನಾಕು ಸಂತಿ ತಿರುಗಿ ಇವನ್ನ ಹುಡಕಿ ತಂದೀನಿ. ಇವನ ಮಾತು ಕೇಳು, ಆಮ್ಯಾಲ ನಾ ನನ್ನ ಕೆಲಸ ಮಾಡ್ತೀನಿ."

ರಾಜೇಸಾಬ ಬೋಗುಣಿ ಮುಂದ ಕುಂತ. ಒಳಗ ನೋಡಿ ತಲಿ ಅಲ್ಲಾಡಿಸಿದ. "ಯಾ ಅಲ್ಲಾ, ಏನು ಗತಿ ತಂದೀರವ್ವಾ ಇದಕ್ಕ" ಅಂದ. ಚೀಲದಾಗಿನ ಸಣ್ಣ ಉಳಿ ತಗದು ಕಂಠದ ಒಂದು ಚುಕ್ಕಿಗೆ ಇಟ್ಟ. ಕೀಲಿ ಕುಂತಂಗ ಕುಂತಿತು. ಎರಡನೇದಕ್ಕ ಇಟ್ಟ, ಕುಂತಿತು. ಮೂರನೇದಕ್ಕ ಇಟ್ಟ, ಅದಕ್ಕೂ ಕುಂತಿತು.

"ಎಣಸವ್ವಾ" ಅಂದ.

ದಾನವ್ವ ಎಣಸಿದ್ಲು. ನಲವತ್ತು.

"ನಲವತ್ತು ಶ್ರಾವಣ. ವರ್ಷಕ್ಕೊಂದು ಕಲಾಯಿ, ಕಲಾಯಿಗೊಂದು ಚುಕ್ಕಿ. ನೀ ಸೊಸಿಯಾಗಿ ಬಂದ ಮ್ಯಾಲೂ ತಪ್ಪಲಿಲ್ಲ. ಪಂಚಮಿಗೆ ನಿಮ್ಮಣ್ಣನ ಬಂಡಿ ಆ ತಿರುವು ದಾಟಿ ಧೂಳು ಕೂಡೂದಕ್ಕ ಪುರಸೊತ್ತಿಲ್ಲ, ಫಕೀರವ್ವ ನನಗ ಹೇಳಿ ಕಳಸ್ತಿದ್ಲು. 'ಸೊಸಿ ಊರಿಗೆ ಹೋಗ್ಯಾಳ, ಮಂದಿ ಹಬ್ಬದಾಗ ಅದಾರ, ಖಾನಾವಳಿ ಖಾಲಿ ಐತಿ, ಬಾ ತಮ್ಮಾ' ಅಂತ. ಈ ಚಪ್ಪರದ ಕೆಳಗ ತಿದಿ ಹೂಡ್ತಿದ್ದೆ. ಸಂಜಿ ಆದ್ರ ಇಲ್ಲೇ ಜಗಲಿ ಮ್ಯಾಲ ಮಲಗ್ತಿದ್ದೆ."

"ಸುಳ್ಳು" ಅಂದ್ಲು ದಾನವ್ವ. ದನಿ ಮಾತ್ರ ಮೊದಲಿನಂಗ ಇದ್ದಿಲ್ಲ.

"ಜಗಲಿ ಮ್ಯಾಲ ಮಲಗಿದಾಂವಗ ಕೋಳಿ ಕೂಗೂಕ ಮೊದ್ಲ ಎಚ್ಚರ ಆಗ್ತಿತ್ತು. ಯಾಕಂತಿ? ಒಳಗ ಸಪ್ಪಳ. ಸರ್, ಸರ್, ಸರ್. ಹಣಿಕಿ ಹಾಕಿ ನೋಡಿದ್ರ ನಿಮ್ಮತ್ತಿ. ತಳದಾಗಿನ ಒಂದು ಸವಟು ಸಾರು ಸಣ್ಣ ಕುಡಿಕ್ಯಾಗ ತಗದು ಇಟ್ಟಾಳ, ಬೂದಿ ಹಾಕಿ ನಾರಿಲೆ ಬೋಗುಣಿ ತಿಕ್ಕಾಕತ್ಯಾಳ. ಮೂರು ನೀರು ಹಾಕಿ ತೊಳದು, ಬೋರಲು ಹಾಕಿ, ಒರಸಿ, ಕುಡಿಕ್ಯಾಗಿನ ಸಾರು ತಿರುಗಿ ಹಾಕಿ ಕುದಿಯಾಕ ಇಡ್ತಿದ್ಲು. ದಿನಾ ಹಿಂಗ ಮಾಡ್ತೀಯೇನಕ್ಕಾ ಅಂದೆ. 'ದಿನಾ' ಅಂದ್ಲು."

ಕುಡಿಕಿ! ದಾನವ್ವ ತಲಿ ಎತ್ತಿ ಒಲಿ ಮ್ಯಾಲಿನ ಗೂಡು ನೋಡಿದ್ಲು. ಅಲ್ಲಿ ಒಂದು ಕುಡಿಕಿ ಇತ್ತು. ಅತ್ತಿ ಸತ್ತಾಗಿನಿಂದ ಉಪ್ಪು ಹಾಕಿ ಇಟ್ಟಿದ್ಲು. ಮೊದ್ಲ ಅದಕ್ಕ ಸಾರಿನ ವಾಸನಿ ಯಾಕ ಬರ್ತಿತ್ತು ಅಂತ ಆಕಿಗೆ ಆವಾಗ ತಿಳಿದಿದ್ದಿಲ್ಲ.

"ಮತ್ತ ನನಗ ಯಾಕ ಹೇಳಲಿಲ್ಲ?" ಅಂದ್ಲು. ಕಣ್ಣಾಗ ನೀರು ತುಂಬಿತ್ತು. "ಎಲ್ಲಾ ಕಲಿಸಿದಾಕಿ ಇದನ್ನ ಯಾಕ ಕಲಿಸಲಿಲ್ಲ? ಯಾಕ ಮುಟ್ಟಗೊಡಲಿಲ್ಲ?"

ರಾಜೇಸಾಬ ಉಳಿ ಕೆಳಗಿಟ್ಟ. "ಅದನ್ನೂ ಕೇಳಿದ್ದೆ ನಾ. ಸೊಸಿ ಇದ್ದಾಳಲ್ಲಕ್ಕಾ, ಇಷ್ಟು ಭಾರದ ಬೋಗುಣಿ ನೀ ಯಾಕ ಎತ್ತಿ ಸಾಯ್ತಿ ಅಂದೆ. ನಿಮ್ಮತ್ತಿ ಏನಂದ್ಲು ಗೊತ್ತೇನು? 'ಏ ತಮ್ಮಾ, ಅದು ಕೂಸಿನ ತಾಯಿ. ಸಣ್ಣಾಕಿದ್ದಾಗಿಂದ ತಾಯಿಲ್ಲದ ಮನ್ಯಾಗ ನಸಿಕಿನಾಗ ಎದ್ದು ದುಡದಾಕಿ. ನಾ ಇರೋ ತನಕ ಇನ್ನೊಂದು ತಾಸು ಮಲಗಲಿ ಬಿಡು' ಅಂದ್ಲು."

ಹೊರಗ ಓಣ್ಯಾಗ ಜೋಕಾಲಿ ಹಾಡು ಕೇಳ್ತಿತ್ತು.

ದಾನವ್ವ ಕುಸದು ಕುಂತ್ಲು. "ಎಂಟು ವರ್ಷ ಬಿಸಲು ಬರೋ ತನಕ ಮಲಗೀನಲ್ಲೋ ಯಪ್ಪಾ. ನಾ ಮಲಗಲಿ ಅಂತ ಆಕಿ ಎದ್ದಾಳ. ನಾ ಏನ ಮಾಡೀನಿ? ಆಕಿ ದಿನಾ ತಗದ ಹೊಲಸನ್ನ ಆಕಿ ಕೈ ಅಂತ ಮೂರು ವರ್ಷ ಪೂಜಿ ಮಾಡೀನಿ. ಮಂದಿಗೆ ಬಡಿಸೀನಿ. ನನ್ನ ಕೂಸಿಗೆ ಉಣಿಸೀನಿ." ಹಣಿ ಹಣಿ ಬಡಕೊಂಡ್ಲು. ಆಮ್ಯಾಲ ಎದ್ಲು. ಸೀರಿ ನೆರಿಗಿ ಎತ್ತಿ ಕಟ್ಟಿದ್ಲು. ಬೋಗುಣಿ ಹಿತ್ತಲಕ್ಕ ಎಳಕೊಂಡು ಹೋಗಿ, ಒಳಗಿನ ಸಾರು ತಿಪ್ಪಿ ತಗ್ಗಿಗೆ ಸುರುವಿದ್ಲು. ಒಂದು ಸವಟೂ ಉಳಸಲಿಲ್ಲ. ಬೂದಿ ಹಾಕಿದ್ಲು, ಹುಣಸಿಹಣ್ಣು ಹಚ್ಚಿದ್ಲು, ನಾರು ಹಿಡದು ತಿಕ್ಕಿದ್ಲು.

ಸರ್, ಸರ್, ಸರ್.

ರಾಜೇಸಾಬ ಕಣ್ಣು ಮುಚ್ಚಿದ. "ಅದ ಸಪ್ಪಳ" ಅಂದ.

ದಾನವ್ವನ ಕೈ ನಿಲ್ಲಲಿಲ್ಲ. ಮೂರು ವರ್ಷದ ಪದರು ಚಕ್ಕಿ ಚಕ್ಕಿ ಎದ್ದು ಬಂತು, ಹಸರ ನೀರು ಹರೀತು. ಮೂರು ನೀರು ಹಾಕಿದ್ಲು. ರಾಜೇಸಾಬ ಚಪ್ಪರದ ಕೆಳಗ ತಿದಿ ಹೂಡಿದ. ಬೋಗುಣಿ ಕಾಯಿಸಿದ, ನವಸಾಗರ ಅನ್ನೋ ಉಪ್ಪಿನ ಪುಡಿ ಒಗದ, ಬೆಳ್ಳಗ ಹೊಗಿ ಎದ್ದಿತು. ಕಲಾಯಿ ಕಡ್ಡಿ ತಿಕ್ಕಿ ಹತ್ತಿ ಅರಳಿಲೆ ಗರ್ರನ ಬಳದ. ಒಳಮೈ ಹುಣ್ಣಿವಿ ಚಂದ್ರನಂಗ ಬೆಳ್ಳಗಾತು. ಕಂಠಕ್ಕ ಉಳಿ ಇಟ್ಟು ಟಣ್ ಅಂತ ಒಂದು ಬಡದ. ನಲವತ್ತೊಂದನೇ ಚುಕ್ಕಿ.

ರಾಚಪ್ಪ ಅರಿಬಿ ನೋಡಿದ. ಉಗುರು ನೋಡಿದ, ಉಗುರಾಗ ಬೂದಿ ಇತ್ತು, ಆ ಬೂದಿಗೆ ಏನೂ ಅನ್ನಲಿಲ್ಲ. ಬೋಗುಣ್ಯಾಗ ಬಟ್ಟಾಡಿಸಿದ. ಬಟ್ಟು ಹ್ಯಾಂಗ ಹೋಗಿತ್ತೋ ಹಂಗ ಬಂತು. ಆಳುಗಳ ಕಡೆ ತಿರುಗಿ, "ಹಾರಿ ಬಂಡ್ಯಾಗ ಒಗೀರಿ" ಅಂದ.

ದಾನವ್ವ ಒಲಿ ಹಚ್ಚಿದ್ಲು. ದಾರಿ ತೋರಸಾಕ ಹಳೇ ಸಾರಿಲ್ಲ, ಅತ್ತಿ ಕಲಿಸಿದ ಕೈ ಅಷ್ಟ ಇತ್ತು. ಕಟ್ಟು ಬಸದ್ಲು, ಹುಣಸಿಹಣ್ಣು ಹಿಂಡಿದ್ಲು, ಮಸಾಲಿ ಹುರದ್ಲು, ಬಳ್ಳೊಳ್ಳಿ ಜಜ್ಜಿ ಒಗ್ಗರಣಿ ಕೊಟ್ಲು. ಚುಂಯ್!

ಆವಾಗ ರಾಚಪ್ಪ ಏನ ಮಾಡಿದ? ಹಿತ್ತಲ ಬಾಗಿಲಿಂದ ಹೊರಗ ಹೋದ. ಮನಿ ಸುತ್ತು ಹಾಕಿದ. ಮುಂದಿನ ಬಾಗಿಲಿಗೆ ಬಂದು, ಚಪ್ಪಲಿ ಬಿಟ್ಟು, ಕೈಕಾಲು ತೊಳಕೊಂಡು ಒಳಗ ಬಂದು ಚಾಪಿ ಮ್ಯಾಲ ಕುಂತ. "ತಪಾಸಣಿ ಮುಗೀತು. ಈಗ ನಾ ಹಸದು ಬಂದಾಂವ. ಬಡಸವ್ವಾ" ಅಂದ.

ದಾನವ್ವ ಅನ್ನ ಇಟ್ಲು, ಸಾರು ಹಾಕಿದ್ಲು. ಮಾರಿ ನೋಡಕೋತ ನಿಂತ್ಲು. ರಾಚಪ್ಪ ಒಂದು ತುತ್ತು ಕಲಸಿ ಬಾಯಾಗ ಇಟಗೊಂಡ. ನುಂಗಲಿಲ್ಲ, ಹಂಗ ಕುಂತ. ಉದ್ದನ ಮೂಗಿನ ಮ್ಯಾಲಿಂದ ಒಂದು ಹನಿ ತಾಟಿನಾಗ ಬಿತ್ತು.

"ಇಪ್ಪತ್ತೈದು ವರ್ಷದ ಹಿಂದ ನೌಕರಿ ಹುಡಕಿಕೊಂಡು ಈ ದಾರೀಲೆ ಪ್ಯಾಟಿಗೆ ನಡಕೋತ ಹೊಂಟಿದ್ದೆ. ಕಿಸೆದಾಗ ಏನೂ ಇದ್ದಿಲ್ಲ. ಫಕೀರವ್ವ ಕರದು ಇಲ್ಲೇ ಕುಂಡ್ರಿಸಿ ಈ ಸಾರು ಬಡಿಸಿದ್ಲು. ಅವತ್ತಿನಿಂದ ಇವತ್ತಿನ ತನಕ ಸಾವಿರ ಕಡೆ ಉಂಡೀನಿ ತಂಗಿ, ಈ ರುಚಿ ಎಲ್ಲೂ ಕಂಡಿಲ್ಲ." ತಾಟು ಮುಂದ ಮಾಡಿದ. "ಅದ ಐತಿ. ಇನ್ನೊಂದು ಸವಟು ಹಾಕು."

ಅಷ್ಟೊತ್ತಿಗೆ ಹೊಳಿ ದಾರಿ ತಿರುವಿನಾಗ ಒಂದು ಬಂಡಿ ನಿಂತಿತ್ತು. ಬಂಡಿಯವ ಹೋಯ್ ಹೋಯ್ ಅಂತಾನ, ಎತ್ತು ಜಪ್ಪಯ್ಯ ಅಂದ್ರೂ ಅಲಗವಲ್ಲವು.

ಬಾಗಿಲ ಮ್ಯಾಲಿನ ಎರಡು ಗೆರಿ ಅಳಸಾಕ ಗುರುಶಾಂತ ಹಸಿ ಅರಿಬಿ ತಂದ. ದಾನವ್ವ ಬ್ಯಾಡಂದ್ಲು. "ಇರಲಿ. ನನಗ ನೆನಪಿರಬೇಕು" ಅಂದ್ಲು. ಅವತ್ತಿನಿಂದ ಗಂಡ ಮಗನ್ನ ಕರಕೊಂಡು ಬಂದು ಖಾನಾವಳಿ ಹಿಂದ ಇದ್ದ ಕ್ವಾಣ್ಯಾಗ ಸಂಸಾರ ಹೂಡಿದ್ಲು. ದಿನಾ ನಸಿಕಿನಾಗ ಆಕಿ ಬೋಗುಣಿ ತಿಕ್ಕೋ ಸಪ್ಪಳ ಬೇವಿನ ಗಿಡದಾಗಿನ ಕೋಳಿಗೆ ಎಚ್ಚರ ಮಾಡ್ತಿತ್ತು.

ಮುಗೀತು ಅಂತ ಎದ್ರೇನು? ಕೂಡ್ರಿ, ಒಂದು ತುತ್ತು ಉಳದೈತಿ.

ವರ್ಷ ಉರುಳಿದವು. ಚುಕ್ಕಿ ನಲವತ್ತೊಂದು ಇದ್ದದ್ದು ಐವತ್ತೈದು ಆದ್ವು. ದಾನವ್ವನ ಮಗಗ ಲಗ್ನ ಆತು, ಮನಿಗೆ ಸೊಸಿ ಬಂದ್ಲು, ಸೊಸಿ ಬಗಲಾಗ ಕೂಸು ಬಂತು. ದಾನವ್ವನ ತಲಿ ಬೆಳ್ಳಗಾಗಿತ್ತು. ಒಂದು ನಸಿಕಿನಾಗ ಹೋಗಿ ಸೊಸಿ ಬಾಗಿಲು ಬಡದ್ಲು. ಸೊಸಿ ಕಣ್ಣು ತಿಕ್ಕೋತ ಗಾಬರಿಲೆ ಎದ್ದು ಬಂದ್ಲು. "ಏನಾತ್ರಿ ಅತ್ತೀ? ನಾ ಏಳೋದು ತಡಾ ಆತೇನು?"

"ಏನೂ ಆಗಿಲ್ಲ ಮಗಳ. ಇಲ್ಲಿ ಬಾ, ನನ್ನ ಬಾಜೂಕ ಕೂಡು. ಇದು ಕುಡಿಕಿ, ಸಾರು ಇದರಾಗ ತಗೀಬೇಕು. ಇದು ಬೂದಿ, ಇದು ನಾರು. ತಿಕ್ಕೋದು ನೋಡು. ಮೂರು ನೀರು ಹಾಕೋದು ನೋಡು. ನೋಡಿದೇನು? ತಲ್ಯಾಗ ಇಟಗೊಂಡೇನು?"

"ಹೂಂನ್ರಿ ಅತ್ತೀ."

"ಆತು. ಇವತ್ತ ಒಂದ ದಿವಸ ನಿನ್ನ ನಿದ್ದಿ ಕೆಡಿಸೀನಿ. ಹೋಗು, ಕೂಸು ಅಳ್ತೈತಿ. ನಾಳಿಂದ ಬಿಸಲು ಬರೋ ತನಕ ಮಲಕೋ."

ಬೋಗುಣಿ ಅವರ ಮನ್ಯಾಗ ಉಳೀತು, ವಾಸನಿ ನನ್ನ ಬಾಯಾಗ ಉಳೀತು. ಕಥಿ ಉಂಡವರು ಕೈ ತೊಳಕೊಂಡು ಏಳ್ರಿ.